ಬೆರಳ ಸಂದಿನ ಹಿಮ



ಹಿಮದ ಮೇಲೆ ಓಡುತ್ತಿದ್ದ ನಾಯಿ ನಡುದಾರಿಯಲ್ಲಿ ಕೂತುಬಿಟ್ಟು ತನ್ನ ಕಾಲನ್ನು ತಾನೇ ಕಚ್ಚತೊಡಗಿದ್ದನ್ನು ನಾನು ಮೊದಲು ಕಂಡದ್ದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ. ಡಿಸೆಂಬರಿನ ಒಂದು ಮಧ್ಯಾಹ್ನ. ಹಿಂದಿನ ರಾತ್ರಿ ಹಿಮ ಬಿದ್ದಿತ್ತು, ಬೆಳಗಾದ ಮೇಲೆ ಬಿಸಿಲು ಬಂದಿತ್ತು. ಮಗಳ ಮನೆಯ ನಾಯಿ ಗೋಲ್ಡನ್ ರಿಟ್ರೀವರ್ ಜಾತಿಯವನು. ಹೊಸ ಬೆಲ್ಲದ ಬಣ್ಣ, ಹೆಸರೂ ಬೆಲ್ಲ ಎಂದೇ. ನಾಲ್ಕೂ ಕಾಲಿನ ಹಿಂಬದಿಗೆ ಕುಚ್ಚು ಕಟ್ಟಿದ ಹಾಗೆ ಇಳಿಬಿದ್ದ ಉದ್ದ ಕೂದಲು. ನೊಕೊಮಿಸ್ ಕೆರೆಯ ದಂಡೆಯಲ್ಲಿ ಹಿಮವನ್ನು ಎದೆಯಿಂದ ಸೀಳಿಕೊಂಡು ಓಡಿದ. ಹತ್ತು ನಿಮಿಷ ಆಗಿರಬಹುದು, ನಿಧಾನವಾದ. ಒಂದು ಕಾಲು ಎತ್ತಿದ, ಇಳಿಸಿದ, ಇನ್ನೊಂದು ಎತ್ತಿದ. ಆಮೇಲೆ ಕೂತೇಬಿಟ್ಟ.

ಕೈಗವಸು ತೆಗೆದು ಅವನ ಪಾದ ಮುಟ್ಟಿ ನೋಡಿದೆ. ಬೆರಳುಗಳ ನಡುವೆ ಗೋಲಿಯಷ್ಟು ದಪ್ಪದ ಹಿಮದ ಉಂಡೆಗಳು, ಕಲ್ಲಿನಷ್ಟು ಗಟ್ಟಿ. ಕಾಲಿನ ಕುಚ್ಚಿನಲ್ಲಿ ನೆಲ್ಲಿಕಾಯಿ ಗಾತ್ರದವು ಸಾಲಾಗಿ ಜೋತುಬಿದ್ದಿದ್ದವು, ಕಂಕುಳಲ್ಲಿ ಮತ್ತು ಹೊಟ್ಟೆಯ ಕೆಳಗೆ ಇನ್ನಷ್ಟು. ನನಗೆ ತೋಚಿದ್ದು ಒಂದೇ, ಕಿತ್ತು ತೆಗೆಯುವುದು. ಹೆಬ್ಬೆರಳು ತೋರುಬೆರಳಿನಲ್ಲಿ ಒಂದು ಉಂಡೆ ಹಿಡಿದು ಎಳೆದೆ. ಅದರ ಜೊತೆಗೆ ಕೂದಲಿನ ಒಂದು ಗೊಂಚಲು ಬಂತು, ಬುಡದಲ್ಲಿ ಕೆಂಪಗೆ. ಬೆಲ್ಲ ಕುಂಯ್‌ಗುಟ್ಟಿ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಆ ಗಾಯ ಮಾಯಲು ಎಂಟು ದಿನ ಹಿಡಿಯಿತು. ತಪ್ಪು ನನ್ನದೇ. ಇವತ್ತು ನಿಮ್ಮೊಡನೆ ಈ ವಿಷಯ ಮಾತಾಡಲು ಒಪ್ಪಿಕೊಂಡದ್ದೂ ಆ ತಪ್ಪಿನ ನೆನಪಿನಿಂದಲೇ.

ಕರ್ನಾಟಕದಲ್ಲಿ ಕೂತು ಹಿಮದ ಮಾತು ಏಕೆ ಎಂದು ನಿಮಗೆ ಅನಿಸಬಹುದು. ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ದೀಪಾವಳಿ ಮುಗಿಸಿ ಮಕ್ಕಳ ಮನೆಗೆಂದು ವಿಮಾನ ಹತ್ತುತ್ತಾರೆ. ಮಿನ್ನೆಸೋಟ, ಷಿಕಾಗೋ, ಟೊರಾಂಟೊ, ಎಲ್ಲ ಹಿಮದ ಸೀಮೆಗಳೇ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ನಾವು ಮತ್ತು ನಾಯಿ. ಮಧ್ಯಾಹ್ನ ಅದನ್ನು ಹೊರಗೆ ಕರೆದೊಯ್ಯುವ ಹೊಣೆ ನಮ್ಮ ಪಾಲಿಗೆ ಬರುತ್ತದೆ. ಮೂವತ್ತು ವರ್ಷ ಮೈಸೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನನಗೂ ಹಿಮ ಹೀಗೆ ಕೂದಲಿಗೆ ಕಟ್ಟಿಕೊಳ್ಳುತ್ತದೆ ಎಂದು ಗೊತ್ತಿರಲಿಲ್ಲ.

ಗದ್ದೆಯ ಬದುವಿನ ಮೇಲೆ ನಡೆದು ಬಂದರೆ ಸೀರೆಯ ಅಂಚಿಗೆ ಉತ್ತರಾಣಿ ಹತ್ತಿಕೊಂಡಿರುತ್ತದಲ್ಲ, ನಾಯಿಯ ಕೂದಲಿಗೆ ಹಿಮ ಹತ್ತುವುದೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಉತ್ತರಾಣಿ ಹತ್ತಿದಷ್ಟೇ ಇರುತ್ತದೆ, ಹಿಮ ಬೆಳೆಯುತ್ತದೆ. ಮೈಯ ಶಾಖಕ್ಕೆ ಕೂದಲ ಬುಡದ ಹಿಮ ಕರಗಿ ನೀರಾಗುತ್ತದೆ, ಹೊರಗಿನ ಚಳಿಗೆ ಆ ನೀರು ಮತ್ತೆ ಹೆಪ್ಪುಗಟ್ಟಿ ಕೂದಲನ್ನು ಬಿಗಿಹಿಡಿಯುತ್ತದೆ. ಅದರ ಮೇಲೆ ಹೊಸ ಹಿಮ, ಮತ್ತೆ ನೀರು, ಮತ್ತೆ ಗಡ್ಡೆ. ಹೆಜ್ಜೆ ಹೆಜ್ಜೆಗೂ ಉಂಡೆ ದಪ್ಪವಾಗುತ್ತ ಹೋಗಿ ಬೆರಳುಗಳನ್ನು ಅಗಲಿಸುತ್ತದೆ, ನಡುವಿನ ತೆಳು ಚರ್ಮವನ್ನು ಉಜ್ಜುತ್ತದೆ. ಚಪ್ಪಲಿಯೊಳಗೆ ಕಲ್ಲು ಸೇರಿಕೊಂಡು ಮೈಲಿಗಟ್ಟಲೆ ನಡೆದರೆ ಹೇಗಿರುತ್ತದೋ ಹಾಗೆ.

ಇದರಲ್ಲಿ ನಾನು ತಡವಾಗಿ ಕಲಿತ ಸಂಗತಿ ಒಂದಿದೆ. ಚಳಿ ಹೆಚ್ಚಾದಷ್ಟೂ ಉಂಡೆ ಹೆಚ್ಚು ಕಟ್ಟುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಮಕ್ಕಳು ಹಿಮದ ಗೊಂಬೆ ಮಾಡಲು ಖುಷಿಪಡುವ ಅಂಟಂಟು ಹಿಮವಿರುವ ದಿನವೇ ಉದ್ದ ಕೂದಲಿನ ನಾಯಿಗೆ ಹೆಚ್ಚಿನ ಕಷ್ಟ. ಮೈನಸ್ 15 ಡಿಗ್ರಿಗೆ ಇಳಿದ ಮೇಲೆ ಹಿಮ ಒಣಗಿ ಪುಡಿಯಾಗಿರುತ್ತದೆ, ಕೊಡವಿದರೆ ಉದುರುತ್ತದೆ. ಇನ್ನೂ ಚಳಿಯಾದರೆ ಅದೇ ಪುಡಿ ಮರಳಿನಂತೆ ಗರಗರ ಆಗಿ ಅಂಗಾಲನ್ನು ತರಚುತ್ತದೆ, ಆ ಮಾತು ಬೇರೆ. ಅಂತೂ ಹಿತವಾದ ಬಿಸಿಲಿದೆ ಎಂದು ನಾವು ನೆಮ್ಮದಿಯಿಂದ ಹೊರಡುವ ದಿನವೇ ಎಚ್ಚರ ಬೇಕಾದದ್ದು.

ಹಾಗಾದರೆ ಬರಿಗಾಲಿನಲ್ಲಿ ಹಿಮ ತುಳಿಯುವ ನಾಯಿಯ ಪಾದ ಹೆಪ್ಪುಗಟ್ಟುವುದಿಲ್ಲವೆ? ಮೊದಲ ವಾರ ರಾತ್ರಿ ಮಲಗಿದರೂ ನನಗೆ ಇದೇ ಯೋಚನೆ. ಉತ್ತರ ಹುಡುಕಿ ಓದಿದಾಗ ಬೆರಗಾಯಿತು. 1972ರಲ್ಲಿ ವಿಜ್ಞಾನಿಗಳು ತೋಳದ ಮತ್ತು ಧ್ರುವಪ್ರದೇಶದ ನರಿಯ ಪಾದವನ್ನು ಮೈನಸ್ 35 ಡಿಗ್ರಿಯ ದ್ರವದಲ್ಲಿ ಇಳಿಸಿ ಅಳೆದಿದ್ದರು. ಅಷ್ಟು ಚಳಿಯಲ್ಲೂ ಆ ಪಾದದ ಉಷ್ಣತೆ ಮೈನಸ್ 1 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಮಾಂಸ ಹೆಪ್ಪುಗಟ್ಟುವ ಹಂತದ ಕೂದಲೆಳೆ ಮೇಲೆ, ಬಿಗಿಯಾಗಿ ನಿಂತಿತ್ತು. ಮನೆಯ ನಾಯಿಗೂ ಈ ಬಗೆಯ ಏರ್ಪಾಟಿದೆ ಎಂದು ಜಪಾನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಅಂಗಾಲಿನ ಮೆತ್ತೆಯಲ್ಲಿ ಬಿಸಿ ರಕ್ತ ತರುವ ಧಮನಿಯ ಸುತ್ತ ತಣ್ಣನೆಯ ರಕ್ತ ಹಿಂದಕ್ಕೆ ಒಯ್ಯುವ ಸಿರೆಗಳು ಬಲೆಯಂತೆ ಹೆಣೆದುಕೊಂಡಿವೆ. ಇಳಿದು ಬರುವ ಬಿಸಿ ಹತ್ತಿಹೋಗುವ ತಂಪಿಗೆ ದಾಟಿ ಮೈಗೇ ಮರಳುತ್ತದೆ, ನೆಲಕ್ಕೆ ಸೋರಿಹೋಗುವುದಿಲ್ಲ. ಪಾಠದ ಕೋಣೆ ಬಿಟ್ಟು ಅಷ್ಟು ವರ್ಷವಾದ ಮೇಲೂ ಇದನ್ನು ಓದಿದ ದಿನ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಯಾರಿಗಾದರೂ ಹೇಳಬೇಕೆನಿಸಿತು.

ಹೀಗಾಗಿ ನಾನು ತಿಳಿದದ್ದು ಇಷ್ಟು. ಅಂಗಾಲು ತನ್ನ ಕಾವಲನ್ನು ತಾನು ಬಹುಮಟ್ಟಿಗೆ ಮಾಡಿಕೊಳ್ಳುತ್ತದೆ. ತೊಂದರೆ ಹುಟ್ಟುವುದು ಕೂದಲಿನಲ್ಲಿ. ಮೈಯನ್ನು ಬೆಚ್ಚಗಿಡುವ ಉದ್ದ ಕೂದಲೇ ಕಾಲಿಗೆ ಇಳಿದಾಗ ಹಿಮವನ್ನು ಹಿಡಿದು ನಾಯಿಯನ್ನು ಕುಂಟಿಸುತ್ತದೆ.

ಇದನ್ನು ಸುಮಾರು ಇನ್ನೂರು ವರ್ಷದ ಹಿಂದೆಯೇ ಬೆಲೆ ತೆತ್ತು ಕಲಿತವರು ಸ್ವಿಟ್ಜರ್ಲೆಂಡಿನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಸನ್ಯಾಸಿಗಳು. ಸಮುದ್ರಮಟ್ಟದಿಂದ 2,469 ಮೀಟರ್ ಎತ್ತರದಲ್ಲಿ ಆಲ್ಪ್ಸ್ ದಾಟುವ ದಾರಿ ಅದು. ಅಲ್ಲೊಂದು ಮಠ, ದಾರಿಹೋಕರಿಗೆ ಅನ್ನ ಆಸರೆ ಕೊಡುವ ಜಾಗ. ಹಿಮದಲ್ಲಿ ಹೂತುಹೋದವರನ್ನು ಮೂಸಿ ಹುಡುಕುವ ನಾಯಿಗಳನ್ನು ಆ ಸನ್ಯಾಸಿಗಳು ತಲೆತಲಾಂತರದಿಂದ ಸಾಕಿಕೊಂಡು ಬಂದಿದ್ದರು. ಅವುಗಳಲ್ಲಿ ಬ್ಯಾರಿ ಎಂಬವನು 1800ರಲ್ಲಿ ಹುಟ್ಟಿ 1814ರಲ್ಲಿ ತೀರಿಕೊಂಡ, ನಲವತ್ತಕ್ಕೂ ಹೆಚ್ಚು ಜೀವ ಉಳಿಸಿದನೆಂದು ಪ್ರತೀತಿ. ಅವನ ದೇಹವನ್ನು ಬರ್ನ್ ನಗರದ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ. ಸೇಂಟ್ ಬರ್ನಾರ್ಡ್ ಎಂದರೆ ಇಂದು ನಮ್ಮ ಕಣ್ಣಿಗೆ ಬರುವ ಜೂಲುನಾಯಿಯ ರೂಪ ಅವನದಲ್ಲ. ಅವನ ಕೂದಲು ಗಿಡ್ಡ, ಮೈ ಹಗುರ.

ಕಠಿಣ ಚಳಿಗಾಲಗಳಲ್ಲಿ, ಹಿಮಕುಸಿತಗಳಲ್ಲಿ ಮಠದ ನಾಯಿಗಳು ಹಲವು ಸತ್ತವು. ತಳಿಗೆ ಬಲ ತುಂಬಲೆಂದು ಸುಮಾರು 1830ರ ಹೊತ್ತಿಗೆ ನ್ಯೂಫೌಂಡ್‌ಲ್ಯಾಂಡ್ ಜಾತಿಯ ನಾಯಿಗಳೊಡನೆ ಬೆರಸಿದರು. ಅದು ದಪ್ಪ ಜೂಲಿನ ಬಲಶಾಲಿ ಜಾತಿ. ಉದ್ದ ಕೂದಲಿನ ಮರಿಗಳು ಹುಟ್ಟಿದವು. ಇಷ್ಟು ಕೂದಲಿದ್ದರೆ ಚಳಿ ತಾಗುವುದಿಲ್ಲ ಎಂದು ಯಾರಿಗಾದರೂ ಅನಿಸುವಂಥದೇ. ಆದರೆ ಆ ನಾಯಿಗಳ ಕೂದಲಿಗೆ ಹಿಮ ಗಡ್ಡೆಗಡ್ಡೆಯಾಗಿ ಕಟ್ಟಿಕೊಂಡಿತು, ಆ ಭಾರಕ್ಕೆ ಅವು ನಡೆಯಲಾರದೆ ಹೋದವು. ಉದ್ದ ಕೂದಲಿನವನ್ನು ಸನ್ಯಾಸಿಗಳು ಕೆಳಗಿನ ಕಣಿವೆಯ ಜನರಿಗೆ ಕೊಟ್ಟು, ಗಿಡ್ಡ ಕೂದಲಿನವನ್ನು ಮೇಲೆ ಉಳಿಸಿಕೊಂಡರು. ಬೆಲ್ಲ ಕೆರೆದಂಡೆಯಲ್ಲಿ ಕುಳಿತದ್ದನ್ನು ನೆನೆದಾಗಲೆಲ್ಲ ನನಗೆ ಆ ಬೆಟ್ಟದ ನಾಯಿಗಳ ನೆನಪಾಗುತ್ತದೆ. ಅವುಗಳಿಗೆ ಬೇಕಾಗಿದ್ದದ್ದು ಒಂದು ಕತ್ತರಿಯೂ ಅದನ್ನು ಹಿಡಿಯುವ ತಾಳ್ಮೆಯ ಕೈಯೂ ಇರಬಹುದಿತ್ತೇನೋ. ಆದರೆ ಹಿಮಕುಸಿತದ ನಡುವೆ ಯಾರಿಗೆ ಬಿಡುವು?

ನಮಗೆ ಬಿಡುವಿದೆ. ಆದ್ದರಿಂದ ಮೊದಲ ಕೆಲಸ ಕತ್ತರಿಯದು, ಅದೂ ಹಿಮ ಬೀಳುವ ಮುಂಚೆ. ನಾಯಿಯನ್ನು ಮಗ್ಗುಲಾಗಿ ಮಲಗಿಸಿಕೊಂಡು ಅಂಗಾಲನ್ನು ಮೇಲೆ ಮಾಡಿ ನೋಡಿ. ಮೆತ್ತೆಗಳ ಮಟ್ಟ ಮೀರಿ ಹೊರಗೆ ಚಾಚಿದ ಕೂದಲನ್ನು ಮೊಂಡು ತುದಿಯ ಕತ್ತರಿಯಿಂದ ಆ ಮಟ್ಟಕ್ಕೆ ಸರಿಯಾಗಿ ಕತ್ತರಿಸಿ. ಒಳಗೆ ತೂರಿಸಿ ಬೋಳಿಸಲು ಹೋಗಬೇಡಿ. ಬೆರಳ ಸಂದಿನ ಚರ್ಮ ವೀಳ್ಯದೆಲೆಯಷ್ಟು ತೆಳು, ಕತ್ತರಿಗೆ ಸಿಕ್ಕಿದ್ದೇ ಗೊತ್ತಾಗುವುದಿಲ್ಲ. ಆ ಚರ್ಮ ಒಂದಕ್ಕೊಂದು ಉಜ್ಜದಂತೆ ಒಂದಿಷ್ಟು ಕೂದಲು ಅಲ್ಲಿ ಇರಲೂ ಬೇಕು. ಪಾದದ ಮೇಲ್ಗಡೆ ಸಂದುಗಳಿಂದ ಎದ್ದ ಕೂದಲನ್ನು ಬಾಚಿ ನಿಲ್ಲಿಸಿ ಪಾದದ ಆಕಾರಕ್ಕೆ ತಕ್ಕಂತೆ ಗುಂಡಗೆ ಕತ್ತರಿಸಿದರೆ ಸಾಕು. ಕಾಲಿನ ಕುಚ್ಚನ್ನೂ ನೆಲಕ್ಕೆ ತಾಗದಷ್ಟು ಮೋಟು ಮಾಡಬಹುದು. ಅಂದ ಕೆಡುತ್ತದೆ ಎಂದು ಮನೆಯ ಮಕ್ಕಳು ಬೇಸರಪಡಬಹುದು, ಕೂದಲು ವಸಂತಕ್ಕೆ ಮತ್ತೆ ಬೆಳೆಯುತ್ತದೆ. ಉಗುರನ್ನು ಮಾತ್ರ ಮರೆಯಬೇಡಿ. ಉಗುರು ಉದ್ದವಾದರೆ ಪಾದ ಊರುವಾಗ ಬೆರಳು ಅಗಲುತ್ತದೆ, ಹಿಮಕ್ಕೆ ಇನ್ನಷ್ಟು ಜಾಗ ಸಿಗುತ್ತದೆ. ಸಿಕ್ಕುಗಟ್ಟಿದ ಕೂದಲಿಗೆ ಹಿಮ ಬೇಗ ಕಟ್ಟುವುದರಿಂದ ಹೊರಡುವ ಮುಂಚೆ ಒಂದು ಸಲ ಬಾಚಿಬಿಡಿ.

ಎರಡನೆಯದು ಮೇಣ. ನಾಯಿಯ ಪಾದಕ್ಕೆಂದೇ ಜೇನುಮೇಣದಿಂದ ಮಾಡಿದ ಮುಲಾಮು ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಹೊರಡುವ ಐದು ನಿಮಿಷ ಮುಂಚೆ ಅಂಗಾಲಿಗೆ, ಬೆರಳ ಸಂದಿಗೆ ತೆಳ್ಳಗೆ ಸವರಿದರೆ ನೀರು ಕೂದಲನ್ನು ಹಿಡಿಯುವುದಿಲ್ಲ, ಉಪ್ಪೂ ಚರ್ಮಕ್ಕೆ ನೇರವಾಗಿ ತಾಗುವುದಿಲ್ಲ. ಮೇಣ ಸಿಗದ ದಿನ ನಾನು ಕೊಬ್ಬರಿ ಎಣ್ಣೆ ಸವರಿದ್ದೆ. ಅದು 24 ಡಿಗ್ರಿಗೇ ಗಟ್ಟಿಯಾಗುವಂಥದು, ಧನುರ್ಮಾಸದಲ್ಲಿ ನಮ್ಮ ಬಚ್ಚಲಿನ ಶೀಷೆಯಲ್ಲೇ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಸ್ವಲ್ಪ ಹೊತ್ತು ಉಪಯೋಗವಾಯಿತು, ಆದರೆ ಬೆಲ್ಲ ಬಾಗಿಲು ದಾಟುವ ಮೊದಲೇ ಅರ್ಧ ನೆಕ್ಕಿ ಮುಗಿಸಿದ್ದ. ನೆಕ್ಕುತ್ತಾನೆ ಎನ್ನುವುದನ್ನು ಗಟ್ಟಿಯಾಗಿ ನೆನಪಿಡಬೇಕು. ನಾವು ನಮ್ಮ ಹಿಮ್ಮಡಿಗೆ ಹಚ್ಚುವ ಔಷಧದ ಕ್ರೀಮುಗಳನ್ನು, ಅದರಲ್ಲೂ ಮಕ್ಕಳ ಡೈಪರ್ ಗಂದೆಗೆ ಹಚ್ಚುವ ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು, ನಾಯಿಯ ಪಾದಕ್ಕೆ ಹಚ್ಚಲೇಬಾರದು. ಹೊಟ್ಟೆಗೆ ಹೋದರೆ ಅದು ವಿಷ.

ಮೂರನೆಯದು ಪಾದಗವಸು. ನಾಯಿಗೆ ಬೂಟು ಎಂದರೆ ನಮ್ಮ ಕಡೆಯವರಿಗೆ ಇದು ಹಣ ಇರುವವರ ಷೋಕಿ ಎನಿಸುತ್ತದೆ, ನನಗೂ ಎನಿಸಿತ್ತು. ಆಮೇಲೆ ಯೋಚಿಸಿದೆ. ನಮ್ಮಪ್ಪ ದೂರದ ಸಂತೆಗೆ ಗಾಡಿ ಕಟ್ಟುವ ಮುಂಚೆ ಎತ್ತುಗಳಿಗೆ ಲಾಳ ಕಟ್ಟಿಸುತ್ತಿದ್ದರು. ಎತ್ತನ್ನು ಹಗ್ಗದಿಂದ ಕೆಡವಿ ಲಾಳ ಹೊಡೆಯುವುದನ್ನು ನೋಡುತ್ತ ನಾನು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ದುಡಿಯುವ ಪ್ರಾಣಿಯ ಕಾಲನ್ನು ಕಾಯುವುದು ನಮಗೆ ಹೊಸದೇನಲ್ಲ.

ಎರಡನೆಯ ಚಳಿಗಾಲದಲ್ಲಿ ಮಗಳು ಅಳಿಯ ನನ್ನನ್ನು ಡುಲುತ್ ಊರಿನ ಕಡೆ ನಾಯಿಬಂಡಿ ಓಟ ನೋಡಲು ಕರೆದೊಯ್ದರು. ಸುಪೀರಿಯರ್ ಸರೋವರದ ಉತ್ತರ ದಂಡೆಯಲ್ಲಿ ನಡೆಯುವ ಈ ಓಟಕ್ಕೆ ಜಾನ್ ಬೇರ್‌ಗ್ರೀಸ್ ಎಂಬವರ ಹೆಸರಿಟ್ಟಿದ್ದಾರೆ. ಒಜಿಬ್ವೆ ಜನಾಂಗದ ಅವರು 1879ರಿಂದ ಸುಮಾರು ಇಪ್ಪತ್ತು ವರ್ಷ ಚಳಿಗಾಲದಲ್ಲಿ ನಾಯಿಬಂಡಿಯಲ್ಲಿ ಟೂ ಹಾರ್ಬರ್ಸ್ ಮತ್ತು ಗ್ರ್ಯಾಂಡ್ ಮರೇ ಊರುಗಳ ನಡುವೆ ಟಪಾಲು ಸಾಗಿಸಿದವರು. ಓಟದ ಹೊರಡುತಾಣದಲ್ಲಿ ನೂರಾರು ನಾಯಿಗಳ ಬೊಗಳು, ನೆಲ ನಡುಗುವಂತಿತ್ತು. ನಾನು ಮಾತ್ರ ಒಬ್ಬ ಹೆಂಗಸಿನ ಕೈಗಳನ್ನೇ ನೋಡುತ್ತ ನಿಂತುಬಿಟ್ಟೆ. ಆಕೆ ಮಂಡಿಯೂರಿ ಸಾಲಿನ ಒಂದೊಂದು ನಾಯಿಯ ಒಂದೊಂದು ಪಾದವನ್ನೂ ಎತ್ತಿ, ಬೆರಳ ಸಂದನ್ನು ಬರಿಗೈಯಿಂದ ಸವರಿ ನೋಡಿ, ನೈಲಾನಿನ ಪುಟ್ಟ ಚೀಲ ತೊಡಿಸಿ ಮಣಿಕಟ್ಟಿನ ಹತ್ತಿರ ಪಟ್ಟಿ ಅಂಟಿಸುತ್ತಿದ್ದಳು. ಅವಸರವಿದ್ದರೂ ಒಂದು ಪಾದವನ್ನೂ ನೋಡದೆ ಬಿಡಲಿಲ್ಲ. ಅಲಾಸ್ಕದಲ್ಲಿ ಆಂಕರೇಜ್‌ನಿಂದ ನೋಮ್‌ವರೆಗೆ ಸುಮಾರು 1,600 ಕಿಲೋಮೀಟರ್ ನಡೆಯುವ ಇಡಿಟರಾಡ್ ಓಟದಲ್ಲಂತೂ ಪ್ರತಿ ನಾಯಿಗೂ ಎಂಟೆಂಟು ಪಾದಗವಸು ಜೊತೆಯಲ್ಲಿರಲೇಬೇಕು ಎಂದು ನಿಯಮವೇ ಇದೆ. ತಂಗುವಾಗ ಅವನ್ನೆಲ್ಲ ಬಿಚ್ಚಿ, ಪಾದಕ್ಕೆ ಮುಲಾಮು ತಿಕ್ಕಿ, ಹೊರಡುವಾಗ ಮತ್ತೆ ತೊಡಿಸುತ್ತಾರೆ.

ಆ ದಿನ ಎರಡು ವಿಷಯ ಕಲಿತೆ. ಪಟ್ಟಿ ಬಿಗಿಯಾದರೆ ರಕ್ತ ಓಡುವುದಿಲ್ಲ, ಪಾದ ಬೆಚ್ಚಗಿರುವ ಬದಲು ತಣ್ಣಗಾಗುತ್ತದೆ. ಪಟ್ಟಿಯೊಳಗೆ ನಮ್ಮ ಒಂದು ಬೆರಳು ತೂರುವಷ್ಟು ಸಡಿಲ ಇರಬೇಕು. ಮನೆಗೆ ಬಂದೊಡನೆ ಬಿಚ್ಚಬೇಕು, ಏಕೆಂದರೆ ನಾಯಿ ಬೆವರುವುದು ಅಂಗಾಲಿನಲ್ಲಿ, ಒಳಗೆ ಒದ್ದೆ ನಿಂತರೆ ಚರ್ಮ ಕೆಡುತ್ತದೆ. ಬೆಲ್ಲನಿಗೆ ಗವಸು ಒಗ್ಗಲು ಎರಡು ವಾರ ಹಿಡಿಯಿತು. ಮೊದಲು ಮನೆಯೊಳಗೆ ಒಂದೇ ಕಾಲಿಗೆ, ಒಂದು ನಿಮಿಷ, ಆಮೇಲೆ ಒಂದು ಚೂರು ತಿಂಡಿ. ಹೀಗೆ ದಿನಾ. ಪಾದಗವಸು ಪಾದವನ್ನಷ್ಟೇ ಕಾಯುತ್ತದೆ, ಕಾಲಿನ ಕುಚ್ಚಿಗೆ, ಹೊಟ್ಟೆಗೆ ಉಂಡೆ ಕಟ್ಟುವುದು ನಿಲ್ಲುವುದಿಲ್ಲ. ಅದಕ್ಕೆ ಕಾಲುಗಳೂ ಸೇರಿರುವ ನುಣ್ಣನೆಯ ನೈಲಾನಿನ ಅಂಗಿ ಬರುತ್ತದೆ. ಆಳವಾದ ಹಿಮದಲ್ಲಿ ಅರ್ಧ ಗಂಟೆಗೂ ಹೆಚ್ಚು ಓಡಾಡಿಸುವವರಿಗೆ ಮಾತ್ರ ಅದು ಬೇಕು ಎಂದು ನನ್ನ ಅನಿಸಿಕೆ.

ಈಗ ಉಪ್ಪಿನ ಮಾತು. ಮಿನಿಯಾಪೊಲಿಸ್‌ನಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕು. ಆ ಅವಸರದಲ್ಲಿ ಎಲ್ಲರೂ ಉಪ್ಪು ಎರಚುತ್ತಾರೆ. ಸಾಮಾನ್ಯ ಉಪ್ಪು ಮೈನಸ್ 9 ಡಿಗ್ರಿಯ ಕೆಳಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಆಗ ಕ್ಯಾಲ್ಷಿಯಂ ಕ್ಲೋರೈಡ್ ಹಾಕುತ್ತಾರೆ. ಇದು ನೀರಿನಲ್ಲಿ ಕರಗುವಾಗ ಶಾಖ ಬಿಡುತ್ತದೆ. ಹರಳೊಂದು ಒದ್ದೆ ಕೂದಲಿನ ನಡುವೆ ಸಿಕ್ಕಿಕೊಂಡರೆ ಬೆರಳ ಸಂದಿನ ಚರ್ಮ ಸುಟ್ಟಂತೆ ಕೆಂಪಾಗುತ್ತದೆ. ಮೊದಲೇ ಬಿರುಕು ಬಿಟ್ಟಿದ್ದ ಅಂಗಾಲಿಗೆ ಆ ಉರಿ ಹೇಗಿರಬೇಕು, ಹಸಿ ಗಾಯಕ್ಕೆ ಉಪ್ಪು ತಾಗಿದ್ದನ್ನು ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾಯಿ ಉರಿ ತಾಳದೆ ನೆಕ್ಕುತ್ತದೆ, ಉಪ್ಪು ಹೊಟ್ಟೆಗೆ ಹೋಗಿ ವಾಂತಿ ಭೇದಿ ಶುರುವಾಗುತ್ತದೆ. ಹಾಗಾಗಿ ದಾರಿಯ ನಡುವೆ ನಡೆಸುವ ಬದಲು ಪಕ್ಕದ ಹುಲ್ಲಿನ ಮೇಲಣ ಹಿಮದಲ್ಲಿ ನಡೆಸುವುದು ಲೇಸು. ನಮ್ಮ ಮನೆಯ ಮುಂದೆ ನಾವು ಉಪ್ಪಿನ ಬದಲು ಮರಳು ಹಾಕುತ್ತಿದ್ದೆವು. ಒಂದು ಚಮಚ ಉಪ್ಪು ಸುಮಾರು 19 ಲೀಟರ್ ನೀರನ್ನು ಕೆಡಿಸುತ್ತದೆ ಎಂದು ಮಿನ್ನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆಯೇ ಜನರಿಗೆ ಸಾರಿ ಹೇಳುತ್ತದೆ, ಅಂದಮೇಲೆ ನೊಕೊಮಿಸ್ ಕೆರೆಗೂ ಮರಳೇ ಒಳ್ಳೆಯದು.

ಉಪ್ಪಿಗಿಂತ ಅಪಾಯದ್ದು ಇನ್ನೊಂದಿದೆ. ಕಾರಿನ ಎಂಜಿನ್ ಹೆಪ್ಪುಗಟ್ಟದಂತೆ ಹಾಕುವ ಎಥಿಲೀನ್ ಗ್ಲೈಕಾಲ್ ದ್ರವ. ಗ್ಯಾರೇಜಿನ ನೆಲದ ಮೇಲೆ ಸೋರಿರುತ್ತದೆ, ಸಿಹಿಯಾಗಿರುತ್ತದೆ. ಪಾದಕ್ಕೆ ಹತ್ತಿದ್ದನ್ನು ನೆಕ್ಕಿ, ಆಮೇಲೆ ನೆಲವನ್ನೂ ನೆಕ್ಕಿದರೆ ಕೆಲವೇ ಚಮಚೆ ಸಾಕು, ಮೂತ್ರಪಿಂಡ ಕೆಟ್ಟು ನಾಯಿ ಸಾಯುತ್ತದೆ. ಅನುಮಾನ ಬಂದ ಗಳಿಗೆಯಲ್ಲೇ ವೈದ್ಯರಿಗೆ ಫೋನ್ ಮಾಡಬೇಕು, ಬೆಳಗಾಗಲಿ ಎಂದು ಕಾಯಬಾರದು.

ಇಷ್ಟೆಲ್ಲ ಮಾಡಿದರೂ ಉಂಡೆ ಕಟ್ಟಿಯೇ ಕಟ್ಟುತ್ತದೆ. ಆಗ ನಾನು ಮಾಡಿದಂತೆ ಕೀಳಬೇಡಿ, ಕತ್ತರಿಯನ್ನೂ ಹಿಡಿಯಬೇಡಿ. ಕಾಲಿನ, ಹೊಟ್ಟೆಯ ಉಂಡೆಗಳಿಗೆ ಅಡುಗೆಮನೆಯಲ್ಲಿ ಮೊಟ್ಟೆ ಕಡೆಯುವ ತಂತಿಯ ಕಡಗೋಲು ಇರುತ್ತದಲ್ಲ, ಅದನ್ನು ಮೇಲಿನಿಂದ ಕೆಳಕ್ಕೆ ಕೂದಲಲ್ಲಿ ಆಡಿಸಿದರೆ ಉಂಡೆ ತಂತಿಗಳ ನಡುವೆ ಸಿಕ್ಕಿ ಪುಡಿಯಾಗಿ ಉದುರುತ್ತದೆ. ಪಕ್ಕದ ಮನೆಯ ಮುದುಕಿ ಇದನ್ನು ತೋರಿಸಿಕೊಟ್ಟಾಗ ನಾನು ನಂಬಿರಲಿಲ್ಲ, ಎರಡೇ ನಿಮಿಷದಲ್ಲಿ ಕುಚ್ಚು ಸ್ವಚ್ಛವಾಯಿತು. ಬೆರಳ ಸಂದಿನದಕ್ಕೆ ಮಾತ್ರ ನೀರೇ ಬೇಕು. ಬಾಣಂತಿಯ ಮನೆಯಲ್ಲಿ ಮಗುವಿಗೆ ನೀರು ಹದ ನೋಡುವಂತೆ ಮೊಣಕೈ ಅದ್ದಿ ನೋಡಿ, ಉಗುರುಬೆಚ್ಚಗಿನ ನೀರನ್ನು ಅಗಲ ಬೋಗುಣಿಯಲ್ಲಿ ಇಟ್ಟುಕೊಂಡು ಒಂದೊಂದೇ ಪಾದ ಅದ್ದಿಸಿ. ಉಂಡೆ ತಾನೇ ಕರಗುತ್ತದೆ, ಉಪ್ಪೂ ತೊಳೆದುಹೋಗುತ್ತದೆ. ಆಮೇಲೆ ಒರೆಸುವುದು. ಇಲ್ಲಿ ಅವಸರ ಮಾಡಬಾರದು. ಉದ್ದ ಕೂದಲು ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ತೇವ ಉಳಿದಿರುತ್ತದೆ, ಅದೇ ಮುಂದೆ ಹುಣ್ಣಾಗುತ್ತದೆ. ಒರೆಸುವಾಗಲೇ ಬಿರುಕು ಇದೆಯೆ, ಉಗುರಿನ ಬುಡದಲ್ಲಿ ರಕ್ತ ಇದೆಯೆ ಎಂದು ಬೆರಳಿನಿಂದ ತಡವಿ ನೋಡಿಕೊಳ್ಳಬೇಕು.

2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ. ಅಂಥ ದಿನ ಅಂಗಾಲಿನ ರಕ್ತನಾಳಗಳ ಬಲೆಯನ್ನು ನಂಬಿ ಕೂರಬಾರದು. ಬೆಲ್ಲನನ್ನು ಹಿತ್ತಲಿಗೆ ಬಿಟ್ಟು ಮೂರು ನಿಮಿಷಕ್ಕೆ ಒಳಗೆ ಕರೆದುಕೊಂಡೆವು. ನಮ್ಮ ಮುಧೋಳದ ನಾಯಿಯನ್ನು ಅಲ್ಲಿ ನೆನೆಸಿಕೊಂಡೆ. ಅದರ ನುಣುಪು ಮೈಗೆ ಹಿಮದ ಉಂಡೆ ಕಟ್ಟುವುದಿಲ್ಲ, ಆದರೆ ಬಾಗಲಕೋಟೆಯ ಬಿಸಿಲಿಗೆಂದು ಬೆಳೆದ ಆ ಮೈ ಅಂಥ ಚಳಿಯಲ್ಲಿ ನಿಮಿಷಗಳನ್ನೂ ತಾಳದು. ಅಂಥ ಚಳಿಯಲ್ಲಿ ಪಾದದ, ಕಿವಿಯ, ಬಾಲದ ತುದಿಯ ಚರ್ಮ ಬಿಳಿಚಿ ಅಥವಾ ಬೂದಿ ಬಣ್ಣಕ್ಕೆ ತಿರುಗಿ ಮುಟ್ಟಿದರೆ ತಣ್ಣಗೆ ಗಟ್ಟಿಯಾಗಿದ್ದರೆ, ಅದು ಹಿಮ ಕಚ್ಚಿದ ಗುರುತು. ತಿಕ್ಕಬಾರದು, ಹೀಟರಿನ ಎದುರು ಕೂರಿಸಲೂಬಾರದು. ಒಣಬಟ್ಟೆಯಲ್ಲಿ ಸುತ್ತಿಕೊಂಡು ಪಶುವೈದ್ಯರ ಹತ್ತಿರ ಹೋಗಬೇಕು. ನೋವಿಗೆಂದು ನಮ್ಮ ಮಾತ್ರೆಯನ್ನು ಕೊಡುವುದು ಬೇಡ, ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ನಾಯಿಗೆ ಹಾನಿ ಮಾಡಬಲ್ಲದು.

ಈ ತಿಂಗಳು ಹೊರಡಲು ಪೆಟ್ಟಿಗೆ ಕಟ್ಟುತ್ತಿರುವವರು ಉಪ್ಪಿನಕಾಯಿ, ಚಟ್ನಿಪುಡಿಯ ಪಕ್ಕದಲ್ಲಿ ಎರಡು ಹಳೆಯ ಪಂಚೆಗೂ ಜಾಗ ಇಟ್ಟುಕೊಳ್ಳಿ. ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆ ನೀರು ಹೀರಿದಂತೆ ಅಲ್ಲಿನ ದಪ್ಪ ಟವೆಲ್ ಹೀರುವುದಿಲ್ಲ, ಬೆರಳ ಸಂದಿಗೂ ಪಂಚೆ ಸಲೀಸಾಗಿ ಇಳಿಯುತ್ತದೆ. ನಾನು ಬಿಟ್ಟುಬಂದ ಪಂಚೆ ಈಗಲೂ ಮಗಳ ಮನೆಯ ಹಿಂಬಾಗಿಲ ಮೊಳೆಗೆ ತೂಗುತ್ತಿದೆ. ಬೆಲ್ಲ ಹೊರಗಿನಿಂದ ಬಂದವನು ಅದರ ಕೆಳಗೆ ನಿಂತು, ಮೊದಲು ಎಡ ಮುಂಗಾಲನ್ನು ಎತ್ತಿಕೊಡುತ್ತಾನಂತೆ.